ಒಕ್ಕೂಟಕ್ಕೆ ಅಧ್ಯಕ್ಷೆ ಬೇಕು: ಮಾತು ಬಲ್ಲವರೋ, ಲೆಕ್ಕ ಬಲ್ಲವರೋ?

ಕಪ್ಪುಮಣ್ಣು, ಗದಗ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯಿತಿಯ ಮಹಿಳಾ ಸ್ವಸಹಾಯ ಸಂಘಗಳ ಲೆಕ್ಕಪುಸ್ತಕ ಬರೆಯುವ ಕೆಲಸದಲ್ಲಿದ್ದೇನೆ. 22 ಸಂಘಗಳು ಸೇರಿದ ಒಕ್ಕೂಟ ನಮ್ಮದು. ಮುಂದಿನ ತಿಂಗಳು ಹೊಸ ಅಧ್ಯಕ್ಷೆಯ ಆಯ್ಕೆ ಇದೆ, ಎರಡು ಹೆಸರುಗಳು ಕೇಳಿಬರುತ್ತಿವೆ. ಹೆಸರು ಹೇಳುವುದು ಸರಿಯಲ್ಲವಾದ್ದರಿಂದ ಒಬ್ಬರನ್ನು ಮಾತಿನ ಅಕ್ಕ, ಇನ್ನೊಬ್ಬರನ್ನು ಪುಸ್ತಕದ ಅಕ್ಕ ಎನ್ನುತ್ತೇನೆ.

ಮಾತಿನ ಅಕ್ಕ ಎದ್ದು ನಿಂತರೆ ಸಭೆ ಸುಮ್ಮನಾಗುತ್ತದೆ. ಎರಡು ವರ್ಷಗಳ ಹಿಂದೆ ಸಾಲದ ಅರ್ಜಿ ಹಿಡಿದುಕೊಂಡು ಬ್ಯಾಂಕಿಗೆ ನಾಲ್ಕು ಸಲ ಅಲೆದಿದ್ದೆವು. ಐದನೆಯ ಸಲ ಅವರೊಬ್ಬರೇ ಹೋದರು. ವ್ಯವಸ್ಥಾಪಕರ ಎದುರಿನ ಕುರ್ಚಿಯಲ್ಲಿ ಕುಳಿತು, 'ಯಾವ ಕಾಗದ ಕಡಿಮೆ ಇದೆ ಎಂದು ಬರೆದು ಕೊಡಿ, ಅಲ್ಲಿಯವರೆಗೆ ಏಳುವುದಿಲ್ಲ' ಎಂದರು. ಆ ವಾರವೇ ಸಾಲ ಮಂಜೂರಾಯಿತು.

ಪುಸ್ತಕದ ಅಕ್ಕ ಸಭೆಯಲ್ಲಿ ಹತ್ತು ಮಾತು ಆಡಿದ್ದನ್ನು ನಾನು ಕಂಡಿಲ್ಲ. ಆದರೆ ಕಳೆದ ಶ್ರಾವಣದ ಒಂದು ಸಂಜೆಯನ್ನು ಮರೆಯಲಾರೆ. ಅವರ ಸಂಘದ ಲೆಕ್ಕದಲ್ಲಿ 400 ರೂಪಾಯಿ ತಾಳೆಯಾಗಲಿಲ್ಲ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳ ಪಾಸ್‌ಬುಕ್ಕಿನಲ್ಲಿ 500 ರೂಪಾಯಿ ಕಂತು ಎಂದಿದೆ, ನಗದು ಪುಸ್ತಕದಲ್ಲಿ 100 ಎಂದಿದೆ. ಅವಳೇ ತಿದ್ದಿರಬೇಕು ಎಂದು ಎಲ್ಲರ ಕಣ್ಣು ಅವಳ ಮೇಲೆ ಹೋಯಿತು. ಪಾಪ, ಅವಳು ತಲೆ ಎತ್ತಲಿಲ್ಲ. ಪುಸ್ತಕದ ಅಕ್ಕ ಏನೂ ಹೇಳದೆ ಹಣದ ಪೆಟ್ಟಿಗೆಯನ್ನು ಚಾಪೆಯ ಮೇಲೆ ಬೋರಲು ಹಾಕಿ, ನೋಟು ಬೇರೆ ಚಿಲ್ಲರೆ ಬೇರೆ ಮಾಡಿ ಎರಡು ಸಲ ಎಣಿಸಿದರು. ಪೆಟ್ಟಿಗೆಯಲ್ಲಿ 400 ರೂಪಾಯಿ ಹೆಚ್ಚಿತ್ತು. 'ಪುಸ್ತಕದಲ್ಲಿರುವುದು ನನ್ನ ಕೈಬರಹ, ತಪ್ಪು ನನ್ನದು. ಈ ಹುಡುಗಿಯ ಕಡೆ ನೋಡಿದವರೆಲ್ಲ ಅವಳಿಗೊಂದು ಒಳ್ಳೆಯ ಮಾತು ಹೇಳಿ ಮನೆಗೆ ಹೋಗಿ' ಎಂದರು.

ಈಗ ಹೇಳಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಮುಂದಾಳುತನವೂ ಅಂಥ ಗುಣವೇ? ಯಾವ ಗುಣ ನೋಡಿ ಆರಿಸಬೇಕು?

ಹುಲಕೋಟಿ ದಾರಿ

ಇದರಲ್ಲಿ ಯೋಚಿಸುವುದೇನಿದೆ ತಾಯಿ? ಮಾತಿನ ಅಕ್ಕನನ್ನೇ ಆರಿಸಿ. ಮೆತ್ತಗಿನ ಮಣ್ಣು ಕಂಡಲ್ಲಿ ಎಲ್ಲರೂ ಅಗೆಯುವವರೇ. ನಮ್ಮ ಭಾಗದಲ್ಲಿ ಸಹಕಾರಿ ಸಂಸ್ಥೆಗಳನ್ನು ಕಟ್ಟಿದ ಕೆ. ಎಚ್. ಪಾಟೀಲರನ್ನು ಜನ 'ಹುಲಕೋಟಿಯ ಹುಲಿ' ಎಂದು ಕರೆದದ್ದು ಸುಮ್ಮನೆ ಅಲ್ಲ. ಲೆಕ್ಕ ಬರೆಯುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಕಚೇರಿಯ ಮೇಜಿನ ಎದುರು ಕುಳಿತು ದನಿ ತಗ್ಗಿಸದೆ ಮಾತಾಡುವವರು ಊರಿಗೆ ಒಬ್ಬರು ಸಿಕ್ಕರೆ ಪುಣ್ಯ. ಬೆಳೆಯುವ ಸಿರಿಯನ್ನು ಮೊಳಕೆಯಲ್ಲೇ ನೋಡಬಹುದು. ಧೈರ್ಯ ಕಲಿಸಿ ಬರುವುದಲ್ಲ.

ಸಾಧನಕೇರಿ, ಧಾರವಾಡ

ಮೂವತ್ತು ವರ್ಷ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿದವನು ನಾನು. ಈ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ. ಸ್ವಲ್ಪ ಉದ್ದವಾದರೂ ತಾಳ್ಮೆಯಿಂದ ಓದಿ.

ಮಹಾಪುರುಷರು ಹುಟ್ಟುತ್ತಾರೆ, ಅವರೇ ಚರಿತ್ರೆಯನ್ನು ನಡೆಸುತ್ತಾರೆ ಎಂದು 1840ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲಿ ಥಾಮಸ್ ಕಾರ್ಲೈಲ್ ಹೇಳಿದ. 1869ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಅದು ವಂಶದಿಂದಲೇ ಬರುವುದೆಂದು ವಾದಿಸಿದ. ಆಮೇಲೆ ಎಣಿಸಿ ಅಳೆಯುವ ಕಾಲ ಬಂತು. ಅಮೆರಿಕದ ರಾಲ್ಫ್ ಸ್ಟಾಗ್‌ಡಿಲ್ 1948ರಲ್ಲಿ ಅದುವರೆಗಿನ 124 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬುದ್ಧಿ, ಹೊಣೆಗಾರಿಕೆ, ಹಿಡಿದ ಕೆಲಸ ಬಿಡದ ಛಲ, ಆತ್ಮವಿಶ್ವಾಸ, ಜನರೊಡನೆ ಬೆರೆಯುವ ಸ್ವಭಾವ: ಇವು ಮುಂದಾಳುಗಳಲ್ಲಿ ಉಳಿದವರಿಗಿಂತ ಹೆಚ್ಚಾಗಿ ಕಂಡವು. ಆದರೆ ಇಂತಿಷ್ಟು ಗುಣಗಳ ಗಂಟು ಕೈಯಲ್ಲಿದ್ದ ಮಾತ್ರಕ್ಕೆ ಯಾರೂ ಮುಂದಾಳು ಆಗುವುದಿಲ್ಲ, ಆ ಗುಣಗಳು ಹಿಂದೆ ನಡೆಯುವವರ ಸ್ವಭಾವಕ್ಕೂ ಅವರ ಗುರಿಗೂ ಹೊಂದಬೇಕು ಎಂದು ಅವರು ತೀರ್ಮಾನಿಸಿದರು.

ಇದನ್ನು ಓದಿ ಹಲವರು 'ಗುಣಗಳಿಗೆ ಬೆಲೆಯೇ ಇಲ್ಲ' ಎಂದು ಸಾರಿಬಿಟ್ಟರು. ಸ್ಟಾಗ್‌ಡಿಲ್ ಹಾಗೆ ಹೇಳಿರಲಿಲ್ಲ. 1974ರಲ್ಲಿ ಇನ್ನೂ 163 ಅಧ್ಯಯನಗಳನ್ನು ನೋಡಿ, ಗುಣವೂ ಬೇಕು, ಸಂದರ್ಭವೂ ಬೇಕು ಎಂದು ಮತ್ತೆ ಬಿಡಿಸಿ ಹೇಳಿದರು.

ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಇರುವುದು 2002ರಲ್ಲಿ ಟಿಮೊತಿ ಜಡ್ಜ್ ಮತ್ತು ಸಂಗಡಿಗರು ಮಾಡಿದ ಲೆಕ್ಕದಲ್ಲಿ. ಅವರು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿದರು. ಒಂದು, ಗುಂಪಿನಲ್ಲಿ ಯಾರನ್ನು ಜನ ಮುಂದಾಳು ಎಂದು ಒಪ್ಪುತ್ತಾರೆ? ಎರಡು, ಹಾಗೆ ಮುಂದೆ ಬಂದವರಲ್ಲಿ ಯಾರ ಕೈಯಲ್ಲಿ ಕೆಲಸ ಚೆನ್ನಾಗಿ ಆಗುತ್ತದೆ? ಸೊನ್ನೆ ಎಂದರೆ ಸಂಬಂಧವಿಲ್ಲ, ಒಂದು ಎಂದರೆ ಪೂರ್ತಿ ಸಂಬಂಧ ಎಂದು ಇಟ್ಟುಕೊಳ್ಳಿ. ಜನರ ನಡುವೆ ಎದ್ದು ಕಾಣುವ, ಮಾತಿನಲ್ಲಿ ಮುಂದಿರುವ ಬಹಿರ್ಮುಖ ಸ್ವಭಾವಕ್ಕೆ ಮೊದಲ ಪ್ರಶ್ನೆಯಲ್ಲಿ 0.33 ಬಂದರೆ ಎರಡನೆಯದರಲ್ಲಿ 0.24ಕ್ಕೆ ಇಳಿಯಿತು. ಇನ್ನೊಬ್ಬರ ಮನಸ್ಸನ್ನು ಅರಿತು ನಡೆಯುವ ಸೌಮ್ಯ ಸ್ವಭಾವಕ್ಕೆ ಮೊದಲ ಪ್ರಶ್ನೆಯಲ್ಲಿ ಬಂದದ್ದು ಬರೀ 0.05. ಅಂದರೆ ಸೌಮ್ಯರನ್ನು ಯಾರೂ ಕರೆದು ಕೂರಿಸುವುದಿಲ್ಲ. ಅದೇ ಗುಣ ಎರಡನೆಯ ಪ್ರಶ್ನೆಯಲ್ಲಿ 0.21ಕ್ಕೆ ಏರಿತು.

ಆರಿಸುವಾಗ ನಮ್ಮ ಕಣ್ಣಿಗೆ ಬೀಳುವ ಗುಣ ಒಂದು, ಆರಿಸಿದ ಮೇಲೆ ಕೆಲಸಕ್ಕೆ ಬರುವ ಗುಣ ಇನ್ನೊಂದು. ನನ್ನ ಪಾಲಿಗೆ ಇಡೀ ಪ್ರಶ್ನೆಯ ತಿರುಳು ಇದೇ.

ಕಪ್ಪುಮಣ್ಣು, ಗದಗ ತಾಲ್ಲೂಕು

ಗುರುಗಳೇ, ಓದಿ ಮನಸ್ಸು ಹಗುರವಾಯಿತು. ಹಾಗಾದರೆ ಪುಸ್ತಕದ ಅಕ್ಕನೇ ಸರಿ ಎಂದಾಯಿತಲ್ಲವೇ?

ಯಾಲಕ್ಕಿ ಮಾಲೆ, ಹಾವೇರಿ

ಅಕ್ಕ, ಅವಸರ ಮಾಡಬೇಡಿ. ನಾನು ಎಂಬಿಎ ಓದುತ್ತಿರುವವಳು, ಅದೇ ಅಧ್ಯಯನ ನಮ್ಮ ಪಾಠದಲ್ಲಿದೆ. ಸರ್ ಹೇಳಿದ ಎರಡು ಗುಣಗಳ ಅಂಕಿ ಸರಿ. ಆದರೆ ಪುಸ್ತಕದ ಅಕ್ಕನ ಎದ್ದು ಕಾಣುವ ಗುಣ ಯಾವುದು? ಅಚ್ಚುಕಟ್ಟು, ಕರ್ತವ್ಯನಿಷ್ಠೆ. ಅದರ ಅಂಕಿ ನೋಡಿ: ಮುಂದಾಳು ಎಂದು ಒಪ್ಪುವುದರಲ್ಲಿ 0.33, ಕೆಲಸ ಚೆನ್ನಾಗಿ ಆಗುವುದರಲ್ಲಿ 0.16. ಅದೂ ಇಳಿದಿದೆ. ಲೆಕ್ಕ ಚೊಕ್ಕಟವಾಗಿ ಬರೆಯುವವರೆಲ್ಲ ಜನರನ್ನು ಚೆನ್ನಾಗಿ ನಡೆಸುತ್ತಾರೆ ಎಂದು ಹೇಳಲು ಬರುವುದಿಲ್ಲ.

ಇನ್ನೊಂದು ಮಾತು. ಆ ಅಧ್ಯಯನ ಅಳೆದ ಐದೂ ಸ್ವಭಾವಗುಣಗಳನ್ನು (ಮೇಲೆ ಹೇಳಿದ ಮೂರು, ಜೊತೆಗೆ ಹೊಸತಿಗೆ ತೆರೆದ ಮನಸ್ಸು, ಸುಲಭಕ್ಕೆ ಕದಡದ ಮನಸ್ಸು) ಕೂಡಿಸಿದರೂ ಮುಂದಾಳುತನದ ಜೊತೆ ಬರುವ ಸಂಬಂಧ 0.48. ಅದನ್ನು ಅದರಿಂದಲೇ ಗುಣಿಸಿದರೆ ಸುಮಾರು 23 ಪ್ರತಿಶತ. ಅಂದರೆ ಮುಂದಾಳುತನದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ಕಾಲು ಭಾಗಕ್ಕೂ ಕಡಿಮೆಯನ್ನು ಸ್ವಭಾವ ವಿವರಿಸುತ್ತದೆ, ಉಳಿದದ್ದು ಬೇರೆ ಕಡೆ ಇದೆ. ಅಲ್ಲದೆ ಈ ಅಂಕಿಗಳು ನಮ್ಮ ಹಳ್ಳಿಯ ಸಂಘಗಳಲ್ಲಿ ತೆಗೆದವಲ್ಲ.

ಸಾಧನಕೇರಿ, ಧಾರವಾಡ

ಮಗಳೇ, ನಿನ್ನ ತಿದ್ದುಪಡಿ ಸರಿಯಾಗಿದೆ, ಒಪ್ಪಿದೆ. ನಾನು ಅರ್ಧ ಹೇಳಿ ನಿಲ್ಲಿಸಬಾರದಿತ್ತು. ಆದರೆ ಆ 400 ರೂಪಾಯಿ ಸಂಜೆಯಲ್ಲಿ ನನಗೆ ಅಚ್ಚುಕಟ್ಟಿಗಿಂತ ಹೆಚ್ಚಾಗಿ ಕಂಡದ್ದು, ತಲೆ ತಗ್ಗಿಸಿ ಕುಳಿತ ಹುಡುಗಿಯನ್ನು ಅವರು ಕಾಪಾಡಿದ ರೀತಿ.

ಗೋಕುಲ ರಸ್ತೆ, ಹುಬ್ಬಳ್ಳಿ

ನಾನು ಓದಿದವನಲ್ಲ, 34 ವರ್ಷ ಕಾರ್ಖಾನೆಯಲ್ಲಿ ದುಡಿದವನು. ನಮ್ಮ ವಿಭಾಗದಲ್ಲಿ ಒಬ್ಬ ಮೇಲ್ವಿಚಾರಕರಿದ್ದರು. ಮಾತು ಎಂದರೆ ಕಡ್ಡಿ ಮುರಿದಂತೆ. ಒಂದು ಮಧ್ಯಾಹ್ನ ಎಣ್ಣೆಯ ತೊಟ್ಟಿಗೆ ಬೆಂಕಿ ಬಿತ್ತು. ಎಲ್ಲರೂ ದಿಕ್ಕು ತೋಚದೆ ನಿಂತಾಗ ಅವರು ಓಡಿಹೋಗಿ ಮುಖ್ಯ ಸ್ವಿಚ್ ಎಳೆದರು, ಒಬ್ಬೊಬ್ಬರ ಹೆಸರು ಹಿಡಿದು ಕೂಗಿ ಹೊರಗೆ ಕಳಿಸಿದರು, ಇಬ್ಬರಿಗೆ ಮರಳು ಸುರಿಯಲು ಹೇಳಿದರು. ಯಾರಿಗೂ ಒಂದು ಗೀರೂ ಆಗಲಿಲ್ಲ. ಆ ಹತ್ತು ನಿಮಿಷಕ್ಕೆ ಅವರಂಥ ಮುಂದಾಳು ಇನ್ನೊಬ್ಬರಿರಲಾರರು. ಇಂದಿಗೂ ಕೈಮುಗಿಯುತ್ತೇನೆ.

ಮರುವರ್ಷ ಹೊಸ ಒತ್ತುಯಂತ್ರ ಬಂತು. ಮೂರನೆಯ ವಾರ ಅದರ ಸದ್ದು ಬದಲಾಯಿತು. ಒತ್ತಿ ಮೇಲೇಳುವಾಗ ಸಣ್ಣಗೆ ಕಿರ್ ಎನ್ನುವುದು ನನಗೂ ಕೇಳಿಸಿತು, ಪಕ್ಕದವನಿಗೂ ಕೇಳಿಸಿತು. ಯಾರೂ ಹೇಳಲಿಲ್ಲ. ಹೇಳಿದರೆ 'ನಿನ್ನ ಕೆಲಸ ನೋಡು' ಎಂಬ ಉತ್ತರ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ನಾಲ್ಕು ದಿನಕ್ಕೆ ಅಚ್ಚು ಎರಡು ಹೋಳಾಯಿತು. ತಿಂಗಳ ಕೆಲಸ ನಿಂತುಹೋಯಿತು.

ಮನುಷ್ಯ ಅದೇ, ಗುಣವೂ ಅದೇ. ಬೆಂಕಿಯಲ್ಲಿ ಕಾಪಾಡಿದ ಗುಣವೇ ದಿನನಿತ್ಯದ ಕೆಲಸದಲ್ಲಿ ನಮ್ಮ ಬಾಯಿ ಕಟ್ಟಿತು. ಆ ಸದ್ದು ಕೇಳಿಯೂ ಸುಮ್ಮನಿದ್ದೆನಲ್ಲ ಎಂಬ ಕೊರಗು ನನಗೆ ಇನ್ನೂ ಇದೆ. ಅದಕ್ಕೇ ಕೇಳುತ್ತೇನೆ ತಂಗಿ: ನಿಮ್ಮ ಒಕ್ಕೂಟದಲ್ಲಿ ವರ್ಷಕ್ಕೆ ಎಷ್ಟು ದಿನ ಬೆಂಕಿ ಬೀಳುತ್ತದೆ, ಎಷ್ಟು ದಿನ ಯಂತ್ರದ ಸದ್ದು ಕೇಳಿಸಿಕೊಳ್ಳುವ ಕೆಲಸವಿರುತ್ತದೆ?

ಸಾಧನಕೇರಿ, ಧಾರವಾಡ

ಅಣ್ಣಾ, ನೀವು ಓದಿದವನಲ್ಲ ಎನ್ನಬೇಡಿ. ಫ್ರೆಡ್ ಫೀಡ್ಲರ್ 1967ರ ಹೊತ್ತಿಗೆ ಬೆಳೆಸಿದ ಸಿದ್ಧಾಂತ ಇದರ ಪಕ್ಕದಲ್ಲೇ ನಿಲ್ಲುತ್ತದೆ. ಪರಿಸ್ಥಿತಿ ತೀರಾ ಕೆಟ್ಟಾಗ, ಇಲ್ಲವೇ ಎಲ್ಲವೂ ತನ್ನ ಹಿಡಿತದಲ್ಲೇ ಇರುವಾಗ, ಕೆಲಸವೊಂದನ್ನೇ ನೋಡುವ ಮುಂದಾಳು ಗೆಲ್ಲುತ್ತಾರೆ. ನಡುವಿನ ಸ್ಥಿತಿಯಲ್ಲಿ ಜನರ ಸಂಬಂಧ ನೋಡುವವರು ಗೆಲ್ಲುತ್ತಾರೆ. ನಮ್ಮ ಬದುಕಿನ ಬಹುಪಾಲು ಕಳೆಯುವುದು ಆ ನಡುವಿನ ಸ್ಥಿತಿಯಲ್ಲೇ.

ಬೆಣ್ಣೆಹಳ್ಳ, ನವಲಗುಂದ

ಗುಣ, ಅಂಕಿ ಎಲ್ಲ ಸರಿ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ್ದ ಅಭಿವೃದ್ಧಿ ಕರದ ವಿರುದ್ಧ ನವಲಗುಂದ, ನರಗುಂದ ಎರಡೂ ಎದ್ದು ನಿಂತವು. ಜುಲೈ 21ರಂದು ಗೋಲಿಬಾರ್ ಆಯಿತು, ರೈತರು ಪ್ರಾಣ ಕೊಟ್ಟರು. ಅದಕ್ಕೂ ಹಿಂದಿನ ವರ್ಷ ಈ ಊರುಗಳಲ್ಲಿ ಯಾರಾದರೂ ಗುಣ ಅಳೆಯಲು ಬಂದಿದ್ದರೆ, ಎತ್ತಿನ ಹಿಂದೆ ನಡೆಯುವ ಮಾತು ಕಡಿಮೆಯ ಒಕ್ಕಲಿಗರನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನನ್ನ ತಂದೆ ಆ ಮೆರವಣಿಗೆಯಲ್ಲಿದ್ದರು. ಹೊಟ್ಟೆಗೆ ಬೆಂಕಿ ಬಿದ್ದಾಗ ಮುಂದಾಳು ತಾನಾಗಿಯೇ ಹುಟ್ಟುತ್ತಾನೆ.

ಬೆಟಗೇರಿ ಮಗ್ಗ

ನವಲಗುಂದದ ಅಣ್ಣನ ಮಾತಿಗೆ ತಲೆಬಾಗುತ್ತೇನೆ. ಆದರೆ ಎದ್ದು ನಿಲ್ಲುವುದು ಒಂದು ಬಗೆ, ನೂರು ವರ್ಷ ನಿಲ್ಲುವಂಥದ್ದನ್ನು ಕಟ್ಟುವುದು ಇನ್ನೊಂದು ಬಗೆ. ಕೇಳಿದವರು ಗದಗ ತಾಲ್ಲೂಕಿನವರು, ಆದರೂ ಇಲ್ಲಿ ಯಾರೂ ಅದೇ ತಾಲ್ಲೂಕಿನ ಕಣಗಿನಹಾಳದ ಹೆಸರು ಎತ್ತಲಿಲ್ಲ, ಅದು ನನಗೆ ನೋವು.

1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶಕ್ಕೇ ಅದು ಮೊದಲನೆಯದು ಎನ್ನುತ್ತಾರೆ. ಆ ಕಾಯ್ದೆಯ ಒಂದು ನಿಯಮವನ್ನು ಗಮನಿಸಿ. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆ ಅಪರಿಮಿತ. ಅಂದರೆ ಸಂಘ ಮುಳುಗಿದರೆ ನಾನು ಹಾಕಿದ ಪಾಲಿನ ಹಣವಷ್ಟೇ ಹೋಗುವುದಲ್ಲ, ಪಕ್ಕದ ಮನೆಯವನ ಸಾಲಕ್ಕೆ ನನ್ನ ಹೊಲವೂ ಹೋಗಬಹುದು. ಅಂಥ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಒಕ್ಕಲಿಗ ಯಾರ ಭಾಷಣ ಕೇಳಿ ಒತ್ತುತ್ತಾನೆ? ಆ ಮನುಷ್ಯನ ನಡೆ ವರ್ಷಗಟ್ಟಲೆ ನೋಡಿ ಒತ್ತುತ್ತಾನೆ.

ತಂಗಿ, ನಿಮ್ಮ 22 ಸಂಘಗಳ ಹೆಂಗಸರನ್ನು ಇದೊಂದೇ ಕೇಳಿ: ನಿಮ್ಮ ಕಿವಿಯೋಲೆಯನ್ನು ಈ ಇಬ್ಬರಲ್ಲಿ ಯಾರ ಕೈಯಲ್ಲಿ ಕೊಟ್ಟು ಊರಿಗೆ ಹೋಗುತ್ತೀರಿ?

ಹುಲಕೋಟಿ ದಾರಿ

ಬೆಟಗೇರಿಯವರೇ, ನಂಬಿಕೆಗೆ ನಾನು ವಿರೋಧಿಯಲ್ಲ. ಆದರೆ ಕಿವಿಯೋಲೆ ಕಾಯುವವರು ಕಾವಲುಗಾರರಾದರು, ಮುಂದಾಳು ಹೇಗಾದರು? ಬ್ಯಾಂಕಿನಲ್ಲಿ ಐದನೆಯ ಸಲ ಕುರ್ಚಿ ಹಿಡಿದು ಕುಳಿತವರು ಇಲ್ಲದಿದ್ದರೆ ಆ ಪೆಟ್ಟಿಗೆಯಲ್ಲಿ ಎಣಿಸಲು ಹಣವೇ ಇರುತ್ತಿರಲಿಲ್ಲ. ಇದನ್ನು ಯಾರೂ ಮರೆಯಬಾರದು.

ಕೆಂಪು ಮೆಣಸಿನಕಾಯಿ, ಬ್ಯಾಡಗಿ

ನಾನು ಐದು ವರ್ಷ ಒಕ್ಕೂಟದ ಅಧ್ಯಕ್ಷೆಯಾಗಿದ್ದವಳು, ನಾನೂ ಒಂದು ಮಾತು ಹೇಳುತ್ತೇನೆ. ಮಾತಾಡುವ ಗಂಡಸಿಗೆ ನಾಯಕ ಎನ್ನುತ್ತಾರೆ, ಮಾತಾಡುವ ಹೆಂಗಸಿಗೆ ಗಯ್ಯಾಳಿ ಎನ್ನುತ್ತಾರೆ, ಸುಮ್ಮನಿದ್ದ ಹೆಂಗಸಿಗೆ ಏನೂ ತಿಳಿಯದು ಎನ್ನುತ್ತಾರೆ. ನಿಮ್ಮ ಮಾತಿನ ಅಕ್ಕ ಆ ಕುರ್ಚಿಯಲ್ಲಿ ಕುಳಿತು ಊರಿನಲ್ಲಿ ಏನೇನು ಕೇಳಿಸಿಕೊಂಡಿದ್ದಾರೋ, ಅದನ್ನೂ ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನನಗೆ ಮಾತು ಬರುತ್ತಿರಲಿಲ್ಲ. ಮೊದಲ ಸಲ ತಾಲ್ಲೂಕು ಪಂಚಾಯಿತಿ ಸಭೆಯಲ್ಲಿ ಎದ್ದು ನಿಂತಾಗ ಸೆರಗಿನ ತುದಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಎಂದರೆ, ಕುಳಿತ ಮೇಲೆ ಬೆರಳು ಬಿಡಿಸಲು ಹೊತ್ತು ಹಿಡಿಯಿತು. ಚೀಟಿ ನೋಡಿ ಓದಿದೆ. ಎರಡನೆಯ ವರ್ಷ ಚೀಟಿ ಬೇಕಾಗಲಿಲ್ಲ. ಮೂರನೆಯ ವರ್ಷ ಅಧಿಕಾರಿಗಳೇ 'ಅಕ್ಕ, ನಿಮ್ಮ ಅಭಿಪ್ರಾಯವೇನು' ಎಂದು ಕೇಳಿದರು. ಧೈರ್ಯ ಕಲಿಸಿ ಬರುವುದಲ್ಲ ಎಂದು ಹುಲಕೋಟಿಯ ಅಣ್ಣನವರು ಬರೆದಿದ್ದಾರೆ. ಅಣ್ಣಾ, ನನಗೆ ಬಂತು.

ಯಾಲಕ್ಕಿ ಮಾಲೆ, ಹಾವೇರಿ

ಬ್ಯಾಡಗಿ ಅಕ್ಕ, ನಿಮ್ಮ ಮಾತಿಗೆ ಅಂಕಿಯ ಬೆಂಬಲವೂ ಇದೆ. 2006ರಲ್ಲಿ ರಿಚರ್ಡ್ ಆರ್ವಿ ಮತ್ತು ಸಂಗಡಿಗರು ಅಮೆರಿಕದ ಮಿನೆಸೋಟದ ಅವಳಿ ಸಹೋದರರನ್ನು ಹೋಲಿಸಿ ನೋಡಿದರು. ಮುಂದಾಳುತನದ ಹುದ್ದೆಗೆ ಏರುವುದರಲ್ಲಿನ ವ್ಯತ್ಯಾಸಕ್ಕೆ ಸುಮಾರು 30 ಪ್ರತಿಶತ ಕಾರಣ ವಂಶವಾಹಿ ಎಂದು ಕಂಡುಬಂತು. ಹುಟ್ಟಿನ ಪಾಲು ಸಣ್ಣದಲ್ಲ, ಆದರೆ ದೊಡ್ಡ ಪಾಲು ಹುಟ್ಟಿದ ಮೇಲಿನದೇ.

ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರನ್ನು ನೆನೆಯಿರಿ. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರ ಹಿಂದೆ ನಡೆದ ಆಯ್ದ ತಂಡದಲ್ಲಿದ್ದ ಒಬ್ಬನೇ ಕನ್ನಡಿಗ, ಆಗ ಅವರಿಗೆ 18 ವರ್ಷ. ಅಲ್ಲಿ ಅವರು ಮುಂದಾಳು ಅಲ್ಲ, ಹಿಂದೆ ನಡೆದವರು. ಸಾಬರಮತಿಯ ಶಿಸ್ತು ಕಲಿತರು, ಊರಿಗೆ ಬಂದು ಖಾದಿಯ ಕೆಲಸ ಮಾಡಿದರು, ಜೈಲು ಕಂಡರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದಾಗ ಅವರು ತಮ್ಮ ತಂಡದ ಮುಂದೆ ಇದ್ದರು. ಆಗ ಅವರಿಗೆ 31 ವರ್ಷ, 32 ತುಂಬಲು ಇನ್ನೂ ಎರಡು ತಿಂಗಳಿತ್ತು. ಆ ನಡುವಿನ 13 ವರ್ಷಗಳನ್ನು ಬಿಟ್ಟು, ಹುಟ್ಟಿನಿಂದಲೇ ಅವರು ಹಾಗಿದ್ದರು ಎನ್ನುವುದು ಅವರ ದುಡಿಮೆಗೆ ಮಾಡುವ ಅನ್ಯಾಯ.

ಶಾಲೆಯ ಗಂಟೆ, ರಾಣೇಬೆನ್ನೂರು

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ವಾದ ಸಾಕು, ಒಂದು ದಾರಿ ಹೇಳುತ್ತೇನೆ. 1930ರ ದಶಕದ ಕೊನೆಯಲ್ಲಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳನ್ನು ಮಾಡಿ, ಮುಖವಾಡ ತಯಾರಿಸುವಂಥ ಕೆಲಸ ಕೊಟ್ಟರು. ಒಂದು ಕಡೆ ಎಲ್ಲವನ್ನೂ ತಾನೇ ಹೇಳುವ ಮುಂದಾಳು, ಇನ್ನೊಂದು ಕಡೆ ಹುಡುಗರ ಜೊತೆ ಮಾತಾಡಿ ತೀರ್ಮಾನಿಸುವ ಮುಂದಾಳು. ಮುಂದಾಳು ಎದುರಿಗಿದ್ದಾಗ ಮೊದಲ ಗುಂಪಿನ ಕೆಲಸ ಜೋರಾಗಿಯೇ ನಡೆಯಿತು. ಅವನು ಕೋಣೆಯಿಂದ ಹೊರಗೆ ಹೋದ ತಕ್ಷಣ ಇಳಿದುಹೋಯಿತು. ಎರಡನೆಯ ಗುಂಪು ಅವನು ಹೋದ ಮೇಲೂ ಕೆಲಸ ಬಿಡಲಿಲ್ಲ.

ನನ್ನ ತರಗತಿಯಲ್ಲೂ ಇದನ್ನೇ ನೋಡುತ್ತೇನೆ. ಯಾರು ಒಳ್ಳೆಯ ತರಗತಿ ನಾಯಕಿ ಎಂದು ತಿಳಿಯಬೇಕಾದರೆ ಅವಳು ರಜೆ ಹಾಕಿದ ದಿನ ಬಾಗಿಲ ಹೊರಗೆ ನಿಂತು ಕೇಳುತ್ತೇನೆ. ನೀವೂ ಆಯ್ಕೆಗೆ ಮೊದಲು ಇಬ್ಬರಿಗೂ ಒಂದೊಂದು ಸಭೆ ನಡೆಸಲು ಬಿಡಿ. ಅರ್ಧಕ್ಕೆ ಏನಾದರೂ ನೆಪ ಹೇಳಿ ಅವರನ್ನು ಹೊರಗೆ ಕರೆಯಿರಿ, ಒಳಗೆ ಏನಾಗುತ್ತದೆ ನೋಡಿ.

ಗೋಕುಲ ರಸ್ತೆ, ಹುಬ್ಬಳ್ಳಿ

ಟೀಚರಮ್ಮನವರ ಮಾತು ಮನಸ್ಸಿಗೆ ಬಂತು. ಆದರೆ ಪರೀಕ್ಷೆ ಎಂದು ಇಬ್ಬರಿಗೂ ಮೊದಲೇ ಹೇಳಿ. ಬೆನ್ನ ಹಿಂದೆ ತೂಗಿ ನೋಡುವುದು ಬೇಡ.

ಕಪ್ಪುಮಣ್ಣು, ಗದಗ ತಾಲ್ಲೂಕು

ಎಲ್ಲರಿಗೂ ಮತ್ತೆ ನಮಸ್ಕಾರ. ಐದು ವಾರ ಆಯಿತು, ನಡೆದದ್ದನ್ನು ಹೇಳುತ್ತೇನೆ.

ಹುಬ್ಬಳ್ಳಿಯ ಅಣ್ಣ ಹೇಳಿದಂತೆ ಇಬ್ಬರಿಗೂ ಮೊದಲೇ ತಿಳಿಸಿದೆ. ಇಬ್ಬರೂ ಒಪ್ಪಿದರು. ಮಾತಿನ ಅಕ್ಕ ನಡೆಸಿದ ಸಭೆ 40 ನಿಮಿಷದಲ್ಲಿ ಮುಗಿಯಿತು. ಏಳು ಅರ್ಜಿಗಳ ತೀರ್ಮಾನ ಆಯಿತು, ಒಂದೂ ಬಾಕಿ ಉಳಿಯಲಿಲ್ಲ. ನಡಾವಳಿ ಬರೆಯಲು ನನಗೇ ಕೈ ಸಾಲಲಿಲ್ಲ. ಅರ್ಧಕ್ಕೆ ಹೊರಗೆ ಕರೆದಾಗ ಒಳಗಿನವರು ಎಲೆ ಅಡಿಕೆ ಹಾಕಿಕೊಂಡು ಅವರು ಬರುವುದನ್ನು ಕಾದರು.

ಪುಸ್ತಕದ ಅಕ್ಕನ ಸಭೆ ಎರಡು ತಾಸು ಹಿಡಿಯಿತು. ಆರಂಭದಲ್ಲಿ ನನಗೇ ಬೇಸರವಾಯಿತು. ಪ್ರತಿ ಅರ್ಜಿಗೂ 'ನಿಮ್ಮ ಸಂಘದವರು ಏನು ಹೇಳುತ್ತಾರೆ' ಎಂದು ಕೇಳುವುದು, ಕಾಯುವುದು. ಹಾಗೆ ಕಾಯುತ್ತಿರುವಾಗ, ಮೂರು ವರ್ಷದಿಂದ ಬಾಯಿ ಬಿಡದ ಒಬ್ಬ ಅಜ್ಜಿ, ತಮ್ಮ ಸಂಘದಲ್ಲಿ ಎರಡು ತಿಂಗಳಿಂದ ಉಳಿತಾಯದ ಹಣ ಬ್ಯಾಂಕಿಗೆ ಕಟ್ಟಿಲ್ಲ ಎಂದರು. ಪುಸ್ತಕ ಬರೆಯುವ ನನಗೇ ಅದು ಗೊತ್ತಿರಲಿಲ್ಲ. ಆ ಅಕ್ಕನನ್ನು ಹೊರಗೆ ಕರೆದಾಗಲೂ ಒಳಗೆ ಅದೇ ಮಾತು ನಡೆದಿತ್ತು. ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದವರು ನಾವು ಎದ್ದುಹೋದದ್ದನ್ನೇ ಗಮನಿಸಿರಲಿಲ್ಲ.

ಸಂಘಕ್ಕೆ ಇಬ್ಬರಂತೆ 44 ಪ್ರತಿನಿಧಿಗಳು ಕೈ ಎತ್ತಿದರು. 24 ಮತ್ತು 20. ಪುಸ್ತಕದ ಅಕ್ಕ ಅಧ್ಯಕ್ಷೆಯಾದರು.

ಮಾತಿನ ಅಕ್ಕನಿಗೆ ನೋವಾಗಿದೆ. ಮೊದಲ ಸಭೆಗೆ ಅವರು ಬರಲಿಲ್ಲ. ಬ್ಯಾಡಗಿ ಅಕ್ಕ ಬರೆದದ್ದು ನೆನಪಾಗಿ ನಿನ್ನೆ ಅವರ ಮನೆಗೆ ಹೋಗಿದ್ದೆ. ಚಹಾ ಕೊಟ್ಟರು, ಒಕ್ಕೂಟದ ಮಾತು ತೆಗೆಯಲಿಲ್ಲ. ಸೋಮವಾರ ಬ್ಯಾಂಕಿಗೆ ಹೋಗಬೇಕು, ಜೊತೆಗೆ ಬರಬೇಕು ಎಂದು ಅಧ್ಯಕ್ಷೆ ಕೇಳಿಕೊಂಡಿದ್ದಾರೆ ಎಂದು ಹೇಳಿದೆ. 'ನೋಡೋಣ' ಎಂದರು.

ಈಗ ತಾನೇ ಅಧ್ಯಕ್ಷೆ ನಮ್ಮ ಮನೆಗೆ ಬಂದು ಹೋದರು. ವ್ಯವಸ್ಥಾಪಕರ ಎದುರು ಹೇಳಬೇಕಾದ ಮಾತುಗಳನ್ನು ನಗದು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಿದ್ದಾರೆ. ಒಟ್ಟು ಮೂರು ಸಾಲು. ಒತ್ತಕ್ಷರ ಎಲ್ಲಾದರೂ ತಪ್ಪಿದೆಯೇ ನೋಡು ಎಂದರು. ಒಂದೂ ತಪ್ಪಿರಲಿಲ್ಲ. ಮೂರನೆಯ ಸಾಲಿನಲ್ಲಿ 'ನಾನು' ಎಂದು ಬರೆದಿದ್ದನ್ನು ಹೊಡೆದುಹಾಕಿ, ಮೇಲೆ 'ನಾವಿಬ್ಬರೂ' ಎಂದು ತಿದ್ದಿದ್ದರು.